ಟೀವಿ ಸುದ್ದಿಯ ಕೆಲಸಕ್ಕೆ ಮುಟ್ಟಳ್ಳಿಯಿಂದ ದಾರಿ ಯಾವುದು?

ಟೀವಿಯಲ್ಲಿ ಸುದ್ದಿ ಹೇಳುವವರು ಆಕಾಶದಿಂದ ಇಳಿದು ಬಂದವರಲ್ಲ. ಅವರಿಗೂ ಒಂದು ಊರಿರುತ್ತದೆ, ಮೊದಲ ಸಂಬಳ ಇರುತ್ತದೆ, ಕೆಲಸ ಕಲಿಸಿದವರು ಒಬ್ಬರಿರುತ್ತಾರೆ, ಬೈದವರು ನಾಲ್ಕು ಜನ ಇರುತ್ತಾರೆ. ಆದರೆ ಆ ದಾರಿ ಹೇಗಿರುತ್ತದೆ ಎಂದು ಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮ ಮಕ್ಕಳು ನೋಡಿರುವುದು ಎರಡೇ: ಸ್ಟುಡಿಯೋದಲ್ಲಿ ಕೂತ ಮುಖ, ಮಳೆಗಾಲದಲ್ಲಿ ಊರಿಗೆ ಬಂದು ಹೋಗುವ ಒಬಿ ವ್ಯಾನು. ಇವೆರಡರ ನಡುವೆ ಏನಿದೆ ಎಂಬುದನ್ನು ನಮಗೆ ಗೊತ್ತಿದ್ದಷ್ಟು ಇಲ್ಲಿ ಹೇಳುತ್ತೇವೆ.

ಇದನ್ನು ಬರೆಯಲು ಕಾರಣ ಮುಟ್ಟಳ್ಳಿಯ ಒಬ್ಬ ಹುಡುಗಿ. ಪಿಯುಸಿ ಮುಗಿಸಿದ್ದಾಳೆ. "ಅಣ್ಣಾ, ಟೀವಿ ರಿಪೋರ್ಟರ್ ಆಗ್ಬೇಕಾದ್ರೆ ಏನ್ ಓದ್ಬೇಕು?" ಎಂದು ಕೇಳಿದಳು. ಪಕ್ಕದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದ ಅವಳ ಅಮ್ಮ ತಲೆ ಎತ್ತದೆ ಹೇಳಿದರು: "ಅದ್ರಲ್ಲಿ ಹೊಟ್ಟೆಗೆ ಹುಟ್ತದಾ ಅಂತ ಮೊದ್ಲು ಹೇಳು ತಮಾ." ಮಗಳ ಪ್ರಶ್ನೆಗೆ ಉತ್ತರ ಸುಲಭ. ತಾಯಿಯ ಪ್ರಶ್ನೆಗೆ ಇಡೀ ಬರಹ ಬೇಕು.

ನಾವು ಸ್ಟ್ರಿಂಗರ್. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ, ಭಟ್ಕಳ, ಹೊನ್ನಾವರ, ಕುಮಟಾ ಮೂರು ತಾಲೂಕುಗಳಲ್ಲಿ ಬೈಕಿನಲ್ಲಿ ಓಡಾಡುತ್ತ ಸುದ್ದಿ ಕಳಿಸುವವರು. ಸ್ಟ್ರಿಂಗರ್ ಅಂದರೆ ಸಂಸ್ಥೆಯ ನೌಕರರಲ್ಲ, ಸುದ್ದಿಗೆ ಇಷ್ಟು ಎಂದು ಕೂಲಿ ಪಡೆಯುವವರು. ಹಿಂದೆ ಬಿಳಿಯರ ಪತ್ರಿಕೆಗಳಲ್ಲಿ ಇಂಥವರು ಬರೆದ ಸುದ್ದಿ ಎಷ್ಟು ಉದ್ದ ಅಚ್ಚಾಯಿತು ಎಂದು ದಾರ ಹಿಡಿದು ಅಳೆದು ದುಡ್ಡು ಕೊಡುತ್ತಿದ್ದರಂತೆ. ಪೇಟೆಯಲ್ಲಿ ಮೊಳದ ಲೆಕ್ಕದಲ್ಲಿ ಹೂ ಮಾರಿದ ಹಾಗೆ. ಆ ಅಕ್ಕನಿಗೆ ಇದನ್ನು ಹೇಳಿದಾಗ ನಕ್ಕರು. "ಹಂಗಾದ್ರೆ ನಿಂದೂ ನಂದೂ ಒಂದೇ ಕೆಲ್ಸ" ಎಂದರು.

ದೊಡ್ಡವರು ನಡೆದ ದಾರಿ

ಮೊದಲು ನಮ್ಮ ಕಡೆಯವರನ್ನೇ ನೋಡೋಣ. ವಿಶ್ವೇಶ್ವರ ಭಟ್ಟರು ಕುಮಟಾ ತಾಲೂಕಿನ ಮೂರೂರಿನವರು. ಧಾರವಾಡದಲ್ಲಿ ಓದಿದರು. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಕಲಿತರು. ಬೆಂಗಳೂರಿನ ಪತ್ರಿಕೋದ್ಯಮ ಕಾಲೇಜಿನಲ್ಲಿ ಪಾಠ ಮಾಡಿದರು. ಆಮೇಲೆ ವಿಜಯ ಕರ್ನಾಟಕದ ಸಂಪಾದಕರಾದರು. 2010ರ ಕೊನೆಗೆ ಅದನ್ನು ಬಿಟ್ಟು 2011ರಲ್ಲಿ ಕನ್ನಡಪ್ರಭಕ್ಕೆ ಬಂದರು, ಸುವರ್ಣ ನ್ಯೂಸ್ ಚಾನೆಲ್ಲಿನ ಹೊಣೆಯನ್ನೂ ಹೊತ್ತರು. 2016ರಲ್ಲಿ ವಿಶ್ವವಾಣಿ ಪತ್ರಿಕೆ ಶುರು ಮಾಡಿದರು. ಅವರ ಬರಹ ನಿಮಗೆ ಒಪ್ಪಿಗೆಯಾಗಬಹುದು, ಆಗದಿರಬಹುದು. ಇಲ್ಲಿ ನೋಡಬೇಕಾದದ್ದು ದಾರಿಯನ್ನು. ಟೀವಿಯ ಕುರ್ಚಿಗೆ ಬರುವ ಮೊದಲು ಅವರು ಬಹಳ ವರ್ಷ ಕಾಗದದ ಮೇಲೆ ಕೆಲಸ ಮಾಡಿದ್ದರು.

ಎಚ್. ಆರ್. ರಂಗನಾಥರನ್ನು ನೀವೆಲ್ಲ ನೋಡಿದ್ದೀರಿ, ರಾತ್ರಿ ಊಟದ ಹೊತ್ತಿಗೆ ಅವರ ದನಿ ಕೇಳದ ಓಣಿ ಇಲ್ಲ. ಅವರದೂ ಅದೇ ಕಥೆ. ಕನ್ನಡಪ್ರಭದಲ್ಲಿ ಬೆಳೆದು ಅದರ ಸಂಪಾದಕರಾದರು, ಸುವರ್ಣ ನ್ಯೂಸ್ ನೋಡಿಕೊಂಡರು, 2012ರ ಫೆಬ್ರವರಿಯಲ್ಲಿ ಪಬ್ಲಿಕ್ ಟೀವಿ ಶುರು ಮಾಡಿದರು. ಅವರೂ ಟೀವಿಯಲ್ಲಿ ಹುಟ್ಟಿದವರಲ್ಲ, ಪತ್ರಿಕೆಯಿಂದ ಬಂದವರು.

ಗೌರಿ ಲಂಕೇಶ್ ಈ ದಾರಿಯಲ್ಲಿ ಉಲ್ಟಾ ನಡೆದವರು. ಇಂಗ್ಲಿಷ್ ಪತ್ರಿಕೆಗಳಲ್ಲಿ ದುಡಿದು, ಆಮೇಲೆ ದೆಹಲಿಯಲ್ಲಿ ಈಟೀವಿಯ ತೆಲುಗು ಚಾನೆಲ್ಲಿಗೆ ಕೆಲಸ ಮಾಡುತ್ತಿದ್ದರು. 2000ದ ಜನವರಿಯಲ್ಲಿ ತಂದೆ ಪಿ. ಲಂಕೇಶ್ ತೀರಿಕೊಂಡಾಗ ಟೀವಿ ಬಿಟ್ಟು ಬೆಂಗಳೂರಿಗೆ ಬಂದು ಕನ್ನಡ ವಾರಪತ್ರಿಕೆಯ ಸಂಪಾದಕಿಯಾದರು. ಅಲ್ಲಿಯವರೆಗೆ ಅವರು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 2017ರ ಸೆಪ್ಟೆಂಬರ್ 5ರ ರಾತ್ರಿ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದರು. ಈ ಕೆಲಸಕ್ಕೆ ಬರುತ್ತೇನೆ ಎನ್ನುವ ಹುಡುಗಿಗೆ ಈ ಹೆಸರನ್ನು ಹೇಳದೆ ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ.

ಈ ಮೂವರ ಕಾಲಕ್ಕೂ ಈಗಿನ ಕಾಲಕ್ಕೂ ಒಂದು ವ್ಯತ್ಯಾಸ ಇದೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ಉದಯ ಟೀವಿ ಬಂದದ್ದು 1994ರಲ್ಲಿ. ಈಟೀವಿ ಕನ್ನಡ 2000ದ ಡಿಸೆಂಬರಿನಲ್ಲಿ. ಅದರ ಕನ್ನಡ ವಾರ್ತೆಯನ್ನು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯಲ್ಲಿ ಕೂತು ಓದುತ್ತಿದ್ದರು. 2006ರಲ್ಲಿ ಟೀವಿ9 ಬಂದ ಮೇಲೆ ದಿನವಿಡೀ ಸುದ್ದಿ ನೋಡುವ ರೂಢಿ ನಮ್ಮ ಮನೆಗಳಿಗೆ ಹತ್ತಿತು. ಹೊಸ ಚಾನೆಲ್ಲುಗಳು ಬಂದಾಗ ಅವಕ್ಕೆ ಜನ ಬೇಕಾಗಿತ್ತು. ಆ ಜನರನ್ನು ಕಲಿಸಿ ಇಟ್ಟದ್ದು ಪತ್ರಿಕೆಗಳು. ಅಲ್ಲಿ ಒಬ್ಬ ಹಿರಿಯ ಉಪಸಂಪಾದಕ ಕೆಂಪು ಪೆನ್ನು ಹಿಡಿದು ಕೂತಿರುತ್ತಿದ್ದ. ಹೆಸರು ಸರಿ ಇದೆಯಾ, ಊರು ಯಾವ ತಾಲೂಕಿನದು, ಇನ್ನೊಂದು ಕಡೆಯವರನ್ನು ಕೇಳಿದ್ದೀಯಾ ಎಂದು ಕೇಳಿ ಕೇಳಿ ಸುದ್ದಿಯನ್ನು ತಿದ್ದುತ್ತಿದ್ದ. ಟೀವಿ ಆ ಫಲವನ್ನು ಕೊಯ್ದುಕೊಂಡಿತು. ಹೊಸ ಗಿಡ ನೆಡುವ ಕೆಲಸ ಅಷ್ಟಾಗಿ ಆಗಲಿಲ್ಲ.

ಈಗಿನ ಎರಡು ಬಾಗಿಲು

ಇವತ್ತು ನಮ್ಮ ಹುಡುಗಿಯ ಎದುರು ಎರಡು ಬಾಗಿಲಿವೆ.

ಒಂದು ಬೆಂಗಳೂರಿನದು. ಡಿಗ್ರಿ ಮುಗಿಸಿ ಚಾನೆಲ್ಲಿಗೆ ಟ್ರೈನಿ ಎಂದು ಸೇರಬೇಕು. ಮೊದಲು ಕೊಡುವ ಕೆಲಸ ಪರದೆಯ ಕೆಳಗೆ ಓಡುವ ಸಾಲು ಬರೆಯುವುದು, ಜಿಲ್ಲೆಗಳಿಂದ ಬಂದ ವಿಡಿಯೋ ಇಳಿಸಿಕೊಳ್ಳುವುದು, ಅದಕ್ಕೆ ನಾಲ್ಕು ಸಾಲು ಹೊಂದಿಸುವುದು. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ಪಿಜಿಗೆ ಬಾಡಿಗೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು ಕಮ್ಮಿ. ಆದರೆ ಕಣ್ಣಿಗೆ ಬಿದ್ದರೆ ಮೇಲೆ ಹೋಗುವ ಮೆಟ್ಟಿಲು ಅಲ್ಲಿದೆ: ವರದಿಗಾರ್ತಿ, ಬುಲೆಟಿನ್ ಪ್ರೊಡ್ಯೂಸರ್, ಆ್ಯಂಕರ್.

ಇನ್ನೊಂದು ಬಾಗಿಲು ತಾಲೂಕಿನದು, ಅಂದರೆ ನಮ್ಮದು. ಇಲ್ಲಿ ಕ್ಯಾಮೆರಾ ನಮ್ಮದು, ಫೋನು ನಮ್ಮದು, ಪೆಟ್ರೋಲು ನಮ್ಮದು. ಚಾನೆಲ್ಲಿನದು ಅಂತ ಇರುವುದು ಮೈಕಿಗೆ ಸಿಕ್ಕಿಸುವ ಲೋಗೋ ಒಂದೇ. ಕಳಿಸಿದ ಸುದ್ದಿ ಪ್ರಸಾರವಾದರೆ ದುಡ್ಡು, ಬಿದ್ದುಹೋದರೆ ಇಲ್ಲ. ಎಂಬತ್ತು ಕಿಲೋಮೀಟರ್ ಓಡಿ ಮಾಡಿದ ಸುದ್ದಿ, ಅದೇ ಹೊತ್ತಿಗೆ ಬೆಂಗಳೂರಲ್ಲಿ ಯಾವುದೋ ಸಿನಿಮಾ ನಟನ ಜಗಳ ಎದ್ದರೆ ಬಿದ್ದುಹೋಗುತ್ತದೆ. ನಮ್ಮದೇ ಒಂದು ಲೆಕ್ಕ ಹೇಳುತ್ತೇವೆ: ಹಿಂದೆ ನಾವು ಸುದ್ದಿ ಕಳಿಸುತ್ತಿದ್ದ ಒಂದು ಚಾನೆಲ್ಲು ಏಳು ತಿಂಗಳ ಬಾಕಿ ಇಟ್ಟು ಫೋನು ಎತ್ತುವುದನ್ನೇ ನಿಲ್ಲಿಸಿತು. ಆ ಲೋಗೋ ಇನ್ನೂ ನಮ್ಮ ಅಟ್ಟದಲ್ಲಿದೆ.

ಕಾನೂನಿನಲ್ಲೂ ನಮ್ಮಂಥವರ ಜಾಗ ತೆಳು. ಕಾರ್ಯನಿರತ ಪತ್ರಕರ್ತರಿಗೆಂದು ದೇಶದಲ್ಲಿ ಕಾಯ್ದೆ ಬಂದದ್ದು 1955ರಲ್ಲಿ. ಆಗ ಭಾರತದಲ್ಲಿ ಟೀವಿಯೇ ಇರಲಿಲ್ಲ. ಪತ್ರಿಕೆಯ ನೌಕರರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದ ಕಾಯ್ದೆ ಅದು. ಕೈಯಲ್ಲಿ ನೇಮಕಾತಿ ಪತ್ರ ಇಲ್ಲದವನು, ಸಂಬಳದ ಚೀಟಿ ಇಲ್ಲದವನು, ನಾನು ಪತ್ರಕರ್ತ ಎಂದು ಯಾವ ಕಚೇರಿಯಲ್ಲಿ ಹೇಗೆ ತೋರಿಸುತ್ತಾನೆ?

ಎರಡು ಬಾಗಿಲಿನ ನಡುವೆ ಮೆಟ್ಟಿಲು ಇಲ್ಲ ಎನ್ನುವುದೇ ಮುಖ್ಯ ತೊಂದರೆ. ತಾಲೂಕಿನಲ್ಲಿ ಹತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ ಸ್ಟ್ರಿಂಗರ್ ಹನ್ನೊಂದನೆಯ ವರ್ಷವೂ ಸ್ಟ್ರಿಂಗರೇ. ಬೆಂಗಳೂರಿನಲ್ಲಿ ಹತ್ತು ವರ್ಷದಲ್ಲಿ ಮೇಲೆ ಬಂದವರು ನಮ್ಮ ಘಟ್ಟದ ಕೆಳಗಿನ ಊರುಗಳನ್ನು ನಕಾಶೆಯಲ್ಲಿ ನೋಡಿರುತ್ತಾರೆ, ಅಷ್ಟೇ.

ಗುಡ್ಡ ಕುಸಿದ ದಿನ

ಸುದ್ದಿ ಹೇಗೆ ತಯಾರಾಗುತ್ತದೆ ಎಂದು ತಿಳಿಯಲು ಮುಟ್ಟಳ್ಳಿಯವರಿಗೆ ಬೇರೆ ಉದಾಹರಣೆ ಬೇಡ. 2022ರ ಆಗಸ್ಟ್ 2 ನಿಮಗೆ ನೆನಪಿದೆ. ರಾತ್ರಿಯೆಲ್ಲ ಸುರಿದ ಮಳೆ, ಪೇಟೆಯಲ್ಲಿ ಹೆದ್ದಾರಿಯ ಮೇಲೂ ನೀರು, ಬೆಳಗಾಗುವಾಗ ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ. ಒಂದೇ ಮನೆಯ ನಾಲ್ವರು ಮಣ್ಣಿನಡಿ ಹೋದರು. ಮಾರನೇ ದಿನ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಭಟ್ಕಳಕ್ಕೆ ಬಂದರು. ಅವರ ಹಿಂದೆ ಕ್ಯಾಮೆರಾಗಳ ಸಾಲು ಬಂತು.

ಇಂಥ ದಿನ ಮೊದಲು ಹೋಗುವುದು ಯಾರು? ಅಕ್ಕಪಕ್ಕದ ಮನೆಯವರು, ಆಮೇಲೆ ಪೊಲೀಸರು, ಅಗ್ನಿಶಾಮಕದವರು, ಅವರ ಜೊತೆಗೇ ತಾಲೂಕಿನ ಸ್ಟ್ರಿಂಗರುಗಳು. ಬೆಂಗಳೂರು ನಾನೂರು ಕಿಲೋಮೀಟರಿಗೂ ಆಚೆ. ಜಿಲ್ಲಾ ಕೇಂದ್ರ ಕಾರವಾರವೂ ನೂರು ಕಿಲೋಮೀಟರಿಗಿಂತ ದೂರ. ಶರಾವತಿ, ಅಘನಾಶಿನಿ, ಗಂಗಾವಳಿ ದಾಟಿ ಬರಬೇಕು. ಆದ್ದರಿಂದ ಮೊದಲ ಗಂಟೆಗಳಲ್ಲಿ ನೀವು ಪರದೆಯ ಮೇಲೆ ನೋಡುವ ಚಿತ್ರ ಸ್ಟ್ರಿಂಗರನದು, ಇಲ್ಲವೇ ಊರಿನವರ ಫೋನಿನದು. ಡೆಸ್ಕಿನಿಂದ ಒಂದರ ಹಿಂದೆ ಒಂದು ಕರೆ: ವಿಶುವಲ್ಸ್ ಕಳಿಸು, ಬೈಟ್ ಕಳಿಸು, ಫೋನೋಗೆ ನಿಲ್ಲು. ವಿಶುವಲ್ಸ್ ಅಂದರೆ ದೃಶ್ಯ. ಬೈಟ್ ಅಂದರೆ ಯಾರಾದರೊಬ್ಬರ ಮಾತಿನ ತುಣುಕು. ಫೋನೋ ಅಂದರೆ ನೇರ ಪ್ರಸಾರದಲ್ಲಿ ಫೋನಿನಲ್ಲಿ ಮಾತಾಡುವುದು. ಮಳೆಗೆ ಟವರ್ ಹೋಗಿದ್ದರೆ ಸಿಗ್ನಲ್ ಹುಡುಕಿಕೊಂಡು ಮೂರು ಮೈಲು ಓಡಬೇಕು. ಇಷ್ಟೆಲ್ಲ ಸೇರಿ ನಿಮ್ಮ ಮನೆಯ ಟೀವಿಯಲ್ಲಿ ಒಂದೂವರೆ ನಿಮಿಷ.

ಇಂಥ ಜಾಗಗಳಲ್ಲಿ ಡೆಸ್ಕಿನಿಂದ ಬರುವ ಇನ್ನೊಂದು ಕರೆ ಇದೆ. "ಮನೆಯವರ ಬೈಟ್ ಬೇಕು, ಅಳ್ತಾ ಇರೋದು ಬೇಕು." ಮೂರು ತಾಲೂಕಿನಲ್ಲಿ ಬೋಟು ಮುಳುಗಿದಾಗ, ಗುಡ್ಡ ಜಾರಿದಾಗ, ಹೊಳೆಯಲ್ಲಿ ಮಕ್ಕಳು ಹೋದಾಗ ಈ ಮಾತನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ನಮ್ಮ ಉತ್ತರ ಒಂದೇ: ಅವರಾಗಿ ಮಾತಾಡಿದರೆ ಕಳಿಸುತ್ತೇವೆ, ಕೇಳುವುದಿಲ್ಲ. ಒಮ್ಮೆ ಇದಕ್ಕಾಗಿಯೇ ಒಂದು ಚಾನೆಲ್ಲು ನಮ್ಮನ್ನು ಬಿಟ್ಟು ಬೇರೆಯವರನ್ನು ಹಿಡಿಯಿತು. ಬೆಂಗಳೂರಿನಿಂದ ಬಂದವರು ಆ ಪ್ರಶ್ನೆ ಕೇಳಿ ಸಂಜೆಯ ರೈಲು ಹತ್ತಬಹುದು. ನಾವು ಮಾರನೇ ದಿನ ಅದೇ ಗೂಡಂಗಡಿಯಲ್ಲಿ ಚಹಾ ಕುಡಿಯಬೇಕು, ಅದೇ ಮನೆಯ ಮದುವೆಗೆ ಹೋಗಬೇಕು. ಊರಲ್ಲೇ ಇರುವವನಿಗೆ ಇರುವ ಈ ಅಂಜಿಕೆ ದೌರ್ಬಲ್ಯ ಅಲ್ಲ. ಎಷ್ಟೋ ಸಲ ಸುದ್ದಿಯನ್ನು ಸರಿಯಾಗಿ ಇಡುವುದೇ ಅದು.

ಎರಡು ವರ್ಷ ಕಳೆದು 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು. ನಮ್ಮ ಗಡಿಯಾಚೆಯ ಬೈಂದೂರು ಕಡೆಯ ಶಿರೂರಲ್ಲ, ಅಂಕೋಲೆಯ ಶಿರೂರು. ಹೆದ್ದಾರಿಯ ಪಕ್ಕದ ಚಹಾದಂಗಡಿ, ನಿಂತ ಲಾರಿಗಳು, ಗಂಗಾವಳಿ ಹೊಳೆಯ ಆಚೆ ದಡದ ಮನೆಗಳು ಎಲ್ಲ ಅದರ ಬಾಯಿಗೆ ಹೋದವು. ಕೇರಳದ ಒಬ್ಬ ಲಾರಿ ಚಾಲಕನೂ ಕಾಣೆಯಾದವರಲ್ಲಿ ಒಬ್ಬ. ಅವನಿಗಾಗಿ ಮಲಯಾಳಂ ಚಾನೆಲ್ಲುಗಳು ಬಂದವು. ಬಂದವರು ಬೇಗ ಹೋಗಲಿಲ್ಲ. ಮಳೆಯಲ್ಲಿ ನಿಂತು ದಿನಗಟ್ಟಲೆ ಅದನ್ನೇ ಹೇಳಿದರು. ಹುಡುಕಾಟ ಏಕೆ ನಿಂತಿತು, ಡ್ರೆಜ್ಜರ್ ಯಾವಾಗ ಬರುತ್ತದೆ ಎಂದು ದಿನಾ ಕೇಳಿದರು. ಸೆಪ್ಟೆಂಬರ್ 25ರಂದು ಹೊಳೆಯ ತಳದಿಂದ ಲಾರಿಯನ್ನು ಮೇಲೆತ್ತಿದಾಗ ಎಪ್ಪತ್ತು ದಿನ ದಾಟಿತ್ತು.

ಅವರು ತೋರಿಸಿದ್ದರಲ್ಲಿ ಅತಿ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಕಿರಿಚಾಟ ಅಲ್ಲೂ ಇತ್ತು. ಆದರೆ ಒಂದು ಪಾಠ ಕಣ್ಣಿಗೆ ಕಟ್ಟಿದ ಹಾಗಿತ್ತು: ಕ್ಯಾಮೆರಾ ಅಲ್ಲಿ ಉಳಿದರೆ ಅಧಿಕಾರಿಯೂ ಉಳಿಯುತ್ತಾನೆ. ಅದೇ ಗುಡ್ಡದಡಿ ನಮ್ಮ ಜಿಲ್ಲೆಯವರೂ ಸತ್ತಿದ್ದರು, ನಮ್ಮವರೂ ಕಾಣೆಯಾಗಿದ್ದರು. ಅವರ ಹೆಸರು ಎಷ್ಟು ಸಲ ಪರದೆಯ ಮೇಲೆ ಬಂತು ಎಂದು ನೀವೇ ನೆನಪು ಮಾಡಿಕೊಳ್ಳಿ. ಹೆಸರು ಬರಬೇಕಾದರೆ ಅಲ್ಲಿ ನಿಲ್ಲುವವರು ಬೇಕು. ನಿಲ್ಲುವವರಿಗೆ ದಿನದ ಖರ್ಚನ್ನು ಯಾರಾದರೂ ಕೊಡಬೇಕು.

ಜರ್ಮನಿಯವರು ಏನು ಮಾಡುತ್ತಾರೆ

ಈಗ ಸ್ವಲ್ಪ ದೂರ ಹೋಗಿ ಬರೋಣ. ಜರ್ಮನಿ ಯಾಕೆ ಎಂದು ಕೇಳಬೇಡಿ, ಕನ್ನಡದ ಸುದ್ದಿ ಕೆಲಸಕ್ಕೆ ಅದು ನೆಂಟರ ಮನೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದವರು ಜರ್ಮನಿಯಿಂದ ಬಂದ ಪಾದ್ರಿ ಹರ್ಮನ್ ಮೋಗ್ಲಿಂಗ್. ಕಲ್ಲಚ್ಚಿನಲ್ಲಿ, ಹದಿನೈದು ದಿನಕ್ಕೊಮ್ಮೆ. ಇವತ್ತಿಗೂ ನಮ್ಮಲ್ಲಿ ಪತ್ರಿಕಾ ದಿನಾಚರಣೆ ಮಾಡುವುದು ಅದೇ ಜುಲೈ 1ರಂದು. ಆ ದಿನ ತಾಲೂಕು ಕೇಂದ್ರಗಳಲ್ಲಿ ನಮಗೆ ಶಾಲು ಹೊದಿಸುತ್ತಾರೆ, ಉಳಿದ ದಿನ ಪೆಟ್ರೋಲು ನಾವೇ ಹಾಕಿಕೊಳ್ಳುತ್ತೇವೆ.

ಜರ್ಮನಿಯಲ್ಲಿ ಎಆರ್‌ಡಿ ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆ ಇದೆ. 1950ರಲ್ಲಿ ಹುಟ್ಟಿದ್ದು. ಅದು ಒಂದೇ ಸಂಸ್ಥೆಯಲ್ಲ, ಒಂಬತ್ತು ಪ್ರಾಂತೀಯ ಸಂಸ್ಥೆಗಳ ಕೂಟ. ಟಾಗೆಸ್‌ಶೌ ಎನ್ನುವ ಅವರ ವಾರ್ತೆ 1952ರ ಡಿಸೆಂಬರ್ 26ರಿಂದ ನಡೆದು ಬಂದಿದೆ. ರಾತ್ರಿ ಎಂಟಕ್ಕೆ, ಹದಿನೈದು ನಿಮಿಷ. ಅದಕ್ಕೂ ಮೊದಲು ಏಳೂವರೆಗೆ ಅಲ್ಲಿನ ಉತ್ತರದ ರಾಜ್ಯಗಳಲ್ಲಿ ಆಯಾ ರಾಜ್ಯದ ಸುದ್ದಿ ಬರುತ್ತದೆ, ದಿನಾ. ಇಡೀ ವ್ಯವಸ್ಥೆ ನಡೆಯುವುದು ಮುಖ್ಯವಾಗಿ ಮನೆಮನೆಯಿಂದ ಬರುವ ಶುಲ್ಕದಿಂದ. 2021ರಿಂದ ಅದು ತಿಂಗಳಿಗೆ 18 ಯೂರೋ 36 ಸೆಂಟು, ನಮ್ಮ ದುಡ್ಡಿನಲ್ಲಿ ಸಾವಿರದೈನೂರು ರೂಪಾಯಿಗೂ ಮೇಲೆ.

ಅಲ್ಲಿ ಟೀವಿ ಪತ್ರಕರ್ತರಾಗುವ ಹೆಬ್ಬಾಗಿಲಿಗೆ ವೊಲೊಂಟಾರಿಯಾಟ್ ಎಂದು ಹೆಸರು. ಇದು ಕಾಲೇಜಲ್ಲ, ಕೆಲಸ ಕಲಿಯುವ ನೌಕರಿ. ಒಂದೂವರೆಯಿಂದ ಎರಡು ವರ್ಷ. ಕಲಿಯುವ ಕಾಲದಲ್ಲೂ ಸಂಬಳ. ಕೆಲವು ತಿಂಗಳು ರೇಡಿಯೋ, ಕೆಲವು ತಿಂಗಳು ಟೀವಿ, ಕೆಲವು ತಿಂಗಳು ಪ್ರಾಂತೀಯ ಸ್ಟುಡಿಯೋ ಎಂದು ಸುತ್ತಿಸುತ್ತಾರೆ. ಓದಿದ್ದು ಏನೇ ಇರಲಿ, ಇತಿಹಾಸ, ಕಾನೂನು, ವಿಜ್ಞಾನ, ಕೆಲಸವನ್ನು ಇಲ್ಲಿ ಕಲಿಸುತ್ತಾರೆ.

ಒಬ್ಬರ ಉದಾಹರಣೆ ಹೇಳಬಹುದು. ಇಂಗೋ ಝಾಂಪೆರೋನಿ ಅಲ್ಲಿನ ಹೆಸರಾಂತ ಟೀವಿ ಪತ್ರಕರ್ತರು. 1974ರಲ್ಲಿ ಹುಟ್ಟಿದವರು, ತಂದೆ ಇಟಲಿಯವರು, ತಾಯಿ ಜರ್ಮನ್. ಅವರು ಓದಿದ್ದು ಅಮೆರಿಕದ ಅಧ್ಯಯನ, ಕಾನೂನು ಮತ್ತು ಇತಿಹಾಸ. ಆಮೇಲೆ ಹ್ಯಾಂಬರ್ಗಿನ ಎನ್‌ಡಿಆರ್ ಎಂಬ ಪ್ರಾಂತೀಯ ಸಂಸ್ಥೆಯಲ್ಲಿ ವೊಲೊಂಟಾರಿಯಾಟ್ ಮುಗಿಸಿದರು. ವರದಿಗಾರರಾಗಿ ದುಡಿದರು. 2014ರಿಂದ 2016ರವರೆಗೆ ವಾಷಿಂಗ್ಟನ್ನಿನಲ್ಲಿ ಬಾತ್ಮೀದಾರರಾಗಿದ್ದರು. 2016ರಿಂದ ರಾತ್ರಿಯ ದೊಡ್ಡ ಸುದ್ದಿ ಕಾರ್ಯಕ್ರಮ ಟಾಗೆಸ್‌ಥೇಮೆನ್ ನಡೆಸಿಕೊಡತೊಡಗಿದರು. ಸ್ಟುಡಿಯೋದ ಕುರ್ಚಿ ಅವರಿಗೆ ಸಿಕ್ಕಿದ್ದು ಪ್ರಾಂತದ ಕಚೇರಿಯಲ್ಲಿ ಕಲಿತು, ಹೊರಗೆ ನಿಂತು ಬೇಕಾದಷ್ಟು ವರದಿ ಮಾಡಿದ ಮೇಲೆ.

ಅಲ್ಲಿ ಎಲ್ಲವೂ ಸ್ವರ್ಗ ಎಂದಲ್ಲ. ಕಾಯಂ ನೌಕರಿ ಇಲ್ಲದೆ ಅದೇ ಸಂಸ್ಥೆಗಳಿಗೆ ವರ್ಷಗಟ್ಟಲೆ ದುಡಿಯುವವರು ಅಲ್ಲೂ ಬೇಕಾದಷ್ಟಿದ್ದಾರೆ. ಶುಲ್ಕ ಯಾಕೆ ಕೊಡಬೇಕು ಎಂದು ಜಗಳ ತೆಗೆಯುವವರೂ ಇದ್ದಾರೆ. ಆದರೂ ಒಂದು ಮಾತು ನಿಜ. ಅಲ್ಲಿ ಏಣಿಯ ಕೆಳಗಿನ ಮೆಟ್ಟಿಲು ಇದೆ, ಆ ಮೆಟ್ಟಿಲ ಮೇಲೆ ನಿಂತವರಿಗೂ ಊಟ ಇದೆ. ಪ್ರಾಂತದಲ್ಲಿ ಕೆಲಸ ಮಾಡುವುದನ್ನು ಅಲ್ಲಿ ಕಲಿಕೆ ಎಂದು ಲೆಕ್ಕ ಹಿಡಿಯುತ್ತಾರೆ, ಶಿಕ್ಷೆ ಎಂದಲ್ಲ.

ಭಟ್ಕಳ ಎಂಬ ಹೆಸರು

ಊರನ್ನು ಬಲ್ಲವರು ಟೀವಿಯಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಭಟ್ಕಳಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕೆಲವು ಆರೋಪಿಗಳ ಹೆಸರಿನ ಮುಂದೆ ನಮ್ಮ ಊರಿನ ಹೆಸರನ್ನು ಅಂಟಿಸಿದ ಮೇಲೆ, ದೆಹಲಿ, ಬೆಂಗಳೂರಿನ ಡೆಸ್ಕುಗಳಿಗೆ ಭಟ್ಕಳ ಅಂದರೆ ಅದೊಂದೇ. ಇಲ್ಲಿಂದ ಓದಲು ಹೋದ ಹುಡುಗರು, ನವಾಯತರಿರಲಿ, ನಾಯ್ಕರಿರಲಿ, ಬಾಡಿಗೆ ಮನೆ ಕೇಳುವಾಗ ಊರಿನ ಹೆಸರು ಹೇಳಲು ಹಿಂದೆ ಮುಂದೆ ನೋಡಿದ್ದಾರೆ. ಕೋರ್ಟಿನಲ್ಲಿ ಆರೋಪ ಬಂದ ದಿನ ಸುದ್ದಿಯಾಗಲೇಬೇಕು, ಅದನ್ನು ಮುಚ್ಚಿಡಿ ಎಂದು ನಾವು ಯಾರೂ ಹೇಳುವುದಿಲ್ಲ. ಆದರೆ ಮಿಕ್ಕ ಮುನ್ನೂರು ಚಿಲ್ಲರೆ ದಿನ ಇಲ್ಲಿ ಮೀನು ಬರುತ್ತದೆ ಅಥವಾ ಬರುವುದಿಲ್ಲ, ಮಲ್ಲಿಗೆ ದರ ಏರುತ್ತದೆ, ಇಳಿಯುತ್ತದೆ, ಹೆದ್ದಾರಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಹೆರಿಗೆಗೆ ಮಣಿಪಾಲದ ದಾರಿ ಹಿಡಿಯುತ್ತಾರೆ. ಇವನ್ನು ಕಳಿಸಿದರೆ "ಲೋಕಲ್ ಆಯ್ತು ಗುರು" ಎನ್ನುತ್ತಾರೆ. ಎರಡು ಗುಂಪಿನ ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ತಳ್ಳಾಡಿದರೆ ಮಾತ್ರ ಅವರೇ ಫೋನು ಮಾಡುತ್ತಾರೆ.

ಅಂಥ ಕರೆ ಬಂದಾಗ ಸ್ಟ್ರಿಂಗರನ ಕೈಯಲ್ಲಿ ಒಂದು ಶಬ್ದದ ಅಧಿಕಾರ ಇರುತ್ತದೆ. "ಗಲಾಟೆ" ಎಂದು ಬರೆಯುವುದೋ, "ಉದ್ವಿಗ್ನ" ಎಂದು ಬರೆಯುವುದೋ. ಎರಡನೆಯ ಶಬ್ದಕ್ಕೆ ಬೇಡಿಕೆ ಹೆಚ್ಚು, ದುಡ್ಡೂ ಖಾತ್ರಿ. ಮೊದಲನೆಯ ಶಬ್ದ ಬರೆದು, ಸುದ್ದಿ ಬಿದ್ದುಹೋಗಿ, ಪೇಟೆ ಸಂಜೆಯವರೆಗೆ ಎಂದಿನಂತೆ ತೆರೆದೇ ಇದ್ದದ್ದನ್ನು ನೋಡುತ್ತ ಮನೆಗೆ ಬಂದ ದಿನಗಳು ನಮಗಿವೆ. ಆ ದಿನಗಳಿಗೆ ಯಾವ ಚಾನೆಲ್ಲೂ ಕೂಲಿ ಕೊಡುವುದಿಲ್ಲ.

ಅಮ್ಮನಿಗೆ, ಆಮೇಲೆ ಮಗಳಿಗೆ

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ಇದು: ತಾಲೂಕಿನಲ್ಲಿ ಕೂತು ಬರೀ ಟೀವಿ ಸುದ್ದಿಯಿಂದ ಹೊಟ್ಟೆ ತುಂಬುವುದಿಲ್ಲ. ನಮ್ಮ ಮನೆ ನಡೆಯುವುದು ಮದುವೆ ವಿಡಿಯೋದಿಂದ, ಸ್ವಲ್ಪ ತೋಟದಿಂದ, ಹೆಂಡತಿ ಶಾಲೆಯಲ್ಲಿ ದುಡಿಯುವುದರಿಂದ. ಬೆಂಗಳೂರಿಗೆ ಹೋದರೆ ಮೊದಲ ಎರಡು ವರ್ಷ ಮನೆಯಿಂದ ದುಡ್ಡು ಕಳಿಸಬೇಕಾಗಬಹುದು. ಇದು ಗೊತ್ತಿದ್ದೇ ಕಳಿಸಿ. ಹುಡುಗಿ ಹೆದರಿ ವಾಪಸು ಬಂದರೆ ಅವಳ ತಪ್ಪು ಎನ್ನಬೇಡಿ.

ತಂಗೀ, ನಿನಗೆ ನಾಲ್ಕು ಮಾತು. ಮೊದಲು ಯಾವುದಾದರೊಂದು ಡಿಗ್ರಿ ಮಾಡು, ಪತ್ರಿಕೋದ್ಯಮವೇ ಆಗಬೇಕೆಂದಿಲ್ಲ. ಅರ್ಥಶಾಸ್ತ್ರವೋ ಕಾನೂನೋ ಓದಿದವರಿಗೆ ಪಂಚಾಯಿತಿಯ ಲೆಕ್ಕ, ಕೋರ್ಟಿನ ಆದೇಶ ಬೇಗ ತಿಳಿಯುತ್ತದೆ. ಪತ್ರಿಕೋದ್ಯಮವೇ ಬೇಕೆಂದರೆ ಧಾರವಾಡ, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿದೆ, ಉಜಿರೆಯಲ್ಲೂ ಇದೆ. ಹೋಗುವ ಮುಂಚೆ ಅಲ್ಲಿ ಕ್ಯಾಮೆರಾ ಮುಟ್ಟಲು ಕೊಡುತ್ತಾರಾ ಎಂದು ಸೀನಿಯರುಗಳನ್ನು ಕೇಳು.

ಎರಡನೆಯದು, ಕನ್ನಡಿಯ ಮುಂದೆ ಆ್ಯಂಕರ್ ಹಾಗೆ ಮಾತಾಡುವುದನ್ನು ಆಮೇಲೆ ಕಲಿ, ಮೊದಲು ಬರೆಯುವುದನ್ನು ಕಲಿ. ದಿನಕ್ಕೊಂದು ಸುದ್ದಿ, ನೂರು ಶಬ್ದ. ಯಾರು, ಎಲ್ಲಿ, ಯಾವಾಗ, ಎಷ್ಟು. ಕೆಂಪು ಪೆನ್ನು ಹಿಡಿಯುವವರು ಚಾನೆಲ್ಲಿನಲ್ಲಿ ಸಿಗದಿರಬಹುದು, ಇಲ್ಲಿ ನಾವಿದ್ದೇವೆ. ತಂದು ಕೊಡು, ತಿದ್ದುತ್ತೇವೆ.

ಮೂರನೆಯದು, ಮುಟ್ಟಳ್ಳಿ ಪಂಚಾಯಿತಿಯ ಮುಂದಿನ ಗ್ರಾಮಸಭೆಗೆ ನೋಟ್‌ಬುಕ್ ಹಿಡಿದುಕೊಂಡು ಹೋಗು. ಗುಡ್ಡದ ಬುಡದ ಮನೆಗಳ ಬಗ್ಗೆ ಏನು ಹೇಳಿದರು, ಚರಂಡಿಗೆ ಎಷ್ಟು ದುಡ್ಡು ಇಟ್ಟರು, ಯಾರು ಕೇಳಿದರು, ಯಾರು ಉತ್ತರಿಸದೆ ಎದ್ದು ಹೋದರು ಎಂದು ಬರೆದುಕೋ. ಆರು ತಿಂಗಳು ಬಿಟ್ಟು ಮತ್ತೆ ಹೋಗಿ ಅದನ್ನೇ ಕೇಳು. ಸ್ಟುಡಿಯೋದಲ್ಲಿ ಕೂತ ಎಷ್ಟೋ ಜನರಿಗೆ ಈ ಅಭ್ಯಾಸ ಇಲ್ಲ. ನಿನಗೆ ಇದ್ದರೆ ಅಲ್ಲಿ ಹೋದಾಗ ಎದ್ದು ಕಾಣುತ್ತೀ.

ನಾಲ್ಕನೆಯದು, ಬೆಂಗಳೂರಾಗಲಿ ಭಟ್ಕಳವಾಗಲಿ, ಕೆಲಸಕ್ಕೆ ಸೇರುವಾಗ ಕಾಗದ ಕೇಳು. ಹುದ್ದೆ ಏನು, ಸಂಬಳ ಎಷ್ಟು, ಯಾವ ತಾರೀಕಿಗೆ ಕೊಡುತ್ತಾರೆ. "ಮೊದ್ಲು ಕೆಲ್ಸ ಮಾಡಿ ತೋರ್ಸು" ಎನ್ನುವವರಿಗೆ ತಿಂಗಳು ಮಾಡಿ ತೋರಿಸು, ವರ್ಷ ಬೇಡ. ಐಡಿ ಕಾರ್ಡಿಗೆ ದುಡ್ಡು ಕೇಳುವ ಚಾನೆಲ್ಲಿದ್ದರೆ ಅದು ಚಾನೆಲ್ಲಲ್ಲ, ಅಂಗಡಿ. ಬಾಗಿಲಿಂದಲೇ ತಿರುಗಿ ಬಾ.

ಈ ದಾರಿಯಲ್ಲಿ ಓದುಗರಾದ ನಿಮ್ಮ ಪಾಲೂ ಇದೆ. ನಾವು ಜರ್ಮನಿಯವರ ಹಾಗೆ ತಿಂಗಳಿಗೆ ಶುಲ್ಕ ಕೊಡುವವರಲ್ಲ, ನಮ್ಮಲ್ಲಿ ಖಾಸಗಿ ಸುದ್ದಿಯ ಖರ್ಚನ್ನು ಹೆಚ್ಚಾಗಿ ಹೊರುವುದು ಜಾಹೀರಾತು. ಜಾಹೀರಾತು ಹೋಗುವುದು ಹೆಚ್ಚು ಜನ ನೋಡಿದ ಕಡೆ. ಅಂದರೆ ನಿಮ್ಮ ಬೆರಳು ಎಲ್ಲಿ ಒತ್ತುತ್ತದೋ ಅಲ್ಲಿ ದುಡ್ಡು. ನಟನ ಜಗಳದ ವಿಡಿಯೋವನ್ನು ಮೂರು ಸಲ ನೋಡಿ, ನಮ್ಮೂರ ಸುದ್ದಿ ಯಾಕೆ ಬರುವುದಿಲ್ಲ ಎಂದು ಕೇಳಿದರೆ ಡೆಸ್ಕಿನವರು ನಗುತ್ತಾರೆ. ವಾಟ್ಸಾಪಿನಲ್ಲಿ ಗುಡ್ಡ ಕುಸಿದ ವಿಡಿಯೋ ಬಂದರೆ ಫಾರ್ವರ್ಡ್ ಮಾಡುವ ಮೊದಲು ಯಾವ ಊರು, ಯಾವ ದಿನ, ತೆಗೆದವರು ಯಾರು ಎಂದು ಕೇಳಿ. ಅಂಕೋಲೆಯ ಶಿರೂರೋ ಬೈಂದೂರಿನ ಶಿರೂರೋ ಎಂದು ಕೇಳಿದ ಹಾಗೆ. ನಿಮ್ಮ ತಾಲೂಕಿನ ಪತ್ರಿಕೆಗೆ, ನಿಮ್ಮೂರ ಸುದ್ದಿ ಹಾಕುವ ಪೇಜಿಗೆ ವರ್ಷದ ಚಂದಾ ಇದ್ದರೆ ಕೊಡಿ. ಈ ಮಳೆಗಾಲದಲ್ಲೂ ನಾವು ಮೂರು ತಾಲೂಕಿನಲ್ಲಿ ಓಡಾಡುತ್ತಲೇ ಇರುತ್ತೇವೆ. ಮನೆಯ ಹಿಂದಿನ ಗುಡ್ಡದಲ್ಲಿ ಬಿರುಕು ಕಂಡರೆ ಮೊದಲು ಮನೆಯಿಂದ ಹೊರಗೆ ಬನ್ನಿ, ಪಂಚಾಯಿತಿಗೂ ತಹಶೀಲ್ದಾರರ ಕಚೇರಿಗೂ ತಿಳಿಸಿ. ಆಮೇಲೆ ನಮಗೆ ಫೋನು ಮಾಡಿ. ಕುಸಿಯುವ ಮುಂಚಿನ ಸುದ್ದಿಯನ್ನು ಯಾವ ಚಾನೆಲ್ಲು ತೆಗೆದುಕೊಳ್ಳದಿದ್ದರೂ ಇಲ್ಲಿ ಬರೆಯುತ್ತೇವೆ.